ದೀಪ ಹಚ್ಚುವ ಹೊತ್ತಿನ ಒಂಬತ್ತು ನಿಮಿಷ

ನಮ್ಮೂರಿಗೆ ಹೊಸದಾಗಿ ಬಂದವರಿಗೆ ಮೊದಲು ಹೇಳುವ ಬುದ್ಧಿಮಾತು ಒಂದೇ: ಯಾರ ಮನೆಯ ಮಿಕ್ಸಿಯನ್ನೂ ವಿಚಾರಿಸದೆ ಎರವಲು ತರಬೇಡಿ. ಜಗಳಗಂಟಿಯ ಮನೆಯ ಮಿಕ್ಸಿ ಮುಚ್ಚಳ ಹಾರಿಸುತ್ತದೆ. ಸೋಮಾರಿಯ ಮನೆಯ ಗಡಿಯಾರ ಬಿಸಿಲೇರಿದರೂ ಆರು ಗಂಟೆಯಲ್ಲೇ ಮಗ್ಗುಲು ಬದಲಿಸುತ್ತಿರುತ್ತದೆ. ಅರಿಶಿನದ ಡಬ್ಬಿಯಲ್ಲಿಟ್ಟ ಚಮಚಕ್ಕೆ ಬಣ್ಣ ಹತ್ತಿದ ಹಾಗೆ ಇಲ್ಲಿ ಮನೆಯವರ ಗುಣ ಯಂತ್ರಕ್ಕೆ ಹತ್ತುತ್ತದೆ. ಹೆಣ್ಣು ಕೊಡುವವರು ಹುಡುಗನನ್ನು ನೋಡುವ ಮೊದಲು ಅವನ ಸೈಕಲ್ಲನ್ನು ಒಂದು ಸುತ್ತು ಹೊಡೆದು ನೋಡುತ್ತಾರೆ. ಎರಡು ಗಡಿಯಾರಗಳು ಒಂದೇ ಹೊತ್ತು ತೋರಿಸಿದ್ದನ್ನು ಕಂಡವರು ನಮ್ಮಲ್ಲಿ ಇಲ್ಲ, ಅದರಿಂದ ಯಾರ ಮದುವೆಯೂ ನಿಂತಿಲ್ಲ.

ಆದರೆ ಆಸ್ಪತ್ರೆಯ ಮಾತು ಬೇರೆ. ಅಲ್ಲಿ ಹೊಸ ಯಂತ್ರ ಬಂದರೆ ಅದನ್ನು ನೇರವಾಗಿ ರೋಗಿಯ ಪಕ್ಕಕ್ಕೆ ತರುವಂತಿಲ್ಲ. ಊರಿನಲ್ಲಿ ಶಾಂತ ಸ್ವಭಾವದವರು ಯಾರೋ ಅವರ ಮನೆಯಲ್ಲಿ ನಲವತ್ತು ದಿನ ಇಟ್ಟು ಪಳಗಿಸಬೇಕು. ಅಂಥ ಮನೆಗೆ ಪಳಗುಮನೆ ಎನ್ನುತ್ತೇವೆ. ಮೂವತ್ತು ವರ್ಷಗಳಿಂದ ನಮ್ಮ ಆಸ್ಪತ್ರೆಯ ಪಳಗುಮನೆ ಎಂದರೆ ಗುರುಸಿದ್ದಮ್ಮನ ಮನೆ. ಆಕೆ ನನ್ನ ಸೋದರತ್ತೆ. ನಾಲ್ಕು ವರ್ಷದವನಿದ್ದಾಗ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು ಮತ್ತೆ ಕೆಳಗಿಳಿಸಲಿಲ್ಲ ಎಂದೇ ಹೇಳಬೇಕು. ಹಾಲು ಉಕ್ಕಿ ಚೆಲ್ಲಿದರೆ, ಹೋಗಲಿ ಬಿಡು, ಒಲೆಗೂ ಹಸಿವಿತ್ತು ಅನ್ನುವವಳು. ಅವಳ ನಡುಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಉಸಿರಿನ ಯಂತ್ರ, ಔಷಧಿ ಪಂಪು, ನಾಡಿ ತೋರಿಸುವ ಪರದೆ ಎಲ್ಲ ಬೀಗರ ಮನೆಗೆ ಬಂದ ಮಕ್ಕಳಂತೆ ಸದ್ದಿಲ್ಲದೆ ಕೂತಿರುತ್ತಿದ್ದವು. ಬೆಳಿಗ್ಗೆ ಎಲ್ಲಕ್ಕೂ ವಿಭೂತಿ ಹಚ್ಚುವಳು. ಸಂಜೆ ದೀಪ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂರುವಳು. ಆಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಬಾರದೆಂದು ಯಾರೂ ಹೇಳಿಯೂ ಇರಲಿಲ್ಲ.

ನಮ್ಮೂರಲ್ಲಿ ಸಂಜೆ ತಟಕ್ಕನೆ ಆಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬೆಳಕು ಮೆಲ್ಲಗೆ ಇಳಿಯುತ್ತಾ ಇಳಿಯುತ್ತಾ, ಕೊನೆಯ ಮೆಟ್ಟಿಲು ತಪ್ಪಿದಂತೆ ಒಮ್ಮೆಲೇ ಕತ್ತಲಾಗುತ್ತಿತ್ತು. ಓದಲೆಂದು ದೂರದ ಪಟ್ಟಣಕ್ಕೆ ಹೋದಾಗಲೂ ಹಾಗೇ ಆಗುತ್ತಿತ್ತು. ಲೋಕದ ರೀತಿಯೇ ಹೀಗೆ ಅಂದುಕೊಂಡೆ.

ಆ ಪಟ್ಟಣದಲ್ಲಿ ನಾನು ಕಲಿತದ್ದು ಸೋತ ಯಂತ್ರಗಳ ವಿದ್ಯೆ. ರೋಗಿಯ ಮೈಮೇಲಿದ್ದ ಯಂತ್ರ ಕೈಕೊಟ್ಟರೆ ಅದನ್ನು ಬಿಚ್ಚಿ, ತಂತಿ ತಂತಿ ಮುಟ್ಟಿ, ಏಕೆ ಕೈಕೊಟ್ಟಿತೆಂದು ಹೇಳುವುದು. ಯಂತ್ರಕ್ಕೆ ಸ್ವಭಾವವಿಲ್ಲ ಎಂದು ಅಲ್ಲಿನ ಗುರುಗಳು ಹೇಳಿದಾಗ ನಾನು ತಲೆ ತಗ್ಗಿಸಿ ಬರೆದುಕೊಂಡೆ. ಊರಿಗೆ ಬಂದ ಮೇಲೆ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ಸ್ಟಾಪ್‌ವಾಚು ಕೊಟ್ಟರು. ಸ್ಟಾಪ್‌ವಾಚನ್ನೂ ಅತ್ತೆಯ ಮನೆಯಲ್ಲೇ ಪಳಗಿಸಿದ್ದೆ. ಅಳೆಯುವ ಸಾಧನ ಎಲ್ಲಕ್ಕಿಂತ ಶಾಂತವಾಗಿರಬೇಕಲ್ಲ.

ಇಪ್ಪತ್ತೆರಡು ವರ್ಷ ಆ ಮೇಜಿನ ಮುಂದೆ ಕೂತೆ. ಜನ ನನ್ನನ್ನು ಯಂತ್ರದ ಪಂಚನಾಮೆಯವನು ಎಂದು ಕರೆದರು. ಓಲಗದ ಮಲ್ಲೇಶಪ್ಪನ ಎದೆಯಲ್ಲಿದ್ದ ಪೇಸ್‌ಮೇಕರ್ ಧಾರೆಯ ಹೊತ್ತಿನ ವಾದ್ಯದ ಹಾಗೆ ಇದ್ದಕ್ಕಿದ್ದಂತೆ ಓಡತೊಡಗಿದ್ದನ್ನು ಕಂಡುಹಿಡಿದವನು ನಾನು. ಒಬ್ಬ ಅಂಜುಬುರುಕ ಗುಮಾಸ್ತನ ಮನೆಯಲ್ಲಿದ್ದ ರಕ್ತದೊತ್ತಡದ ಯಂತ್ರ ದೊಡ್ಡವರು ಬಂದರೆ ಹೆದರಿ ಕಡಿಮೆ ತೋರಿಸುತ್ತಿದ್ದುದನ್ನೂ, ಗೌಡರ ಕಿವಿಯ ಯಂತ್ರ ಹೊಗಳಿಕೆಯನ್ನು ಮಾತ್ರ ಕೇಳಿಸುತ್ತಿದ್ದುದನ್ನೂ ಹಿಡಿದವನು ನಾನೇ. ಗೌಡರು ಅದನ್ನು ರಿಪೇರಿ ಮಾಡಿಸಲು ಒಪ್ಪಲಿಲ್ಲ.

ನನ್ನ ವರದಿಯಲ್ಲಿ ಕೊನೆಗೆ ಒಂದು ಸಾಲು ಬರೆಯಬೇಕು. ದೋಷ ಯಂತ್ರದ್ದಾದರೆ ಯಂತ್ರ ಗುಜರಿಗೆ ಹೋಗುತ್ತದೆ, ಪಳಗುಮನೆಯದ್ದಾದರೆ ಆ ಮನೆಗೆ ಮತ್ತೆ ಯಂತ್ರ ಕಳಿಸುವುದಿಲ್ಲ. ಎರಡೂ ಅಲ್ಲದಿದ್ದರೆ ಉಳಿಯುವುದು ಕೈದೋಷ. ಕೈದೋಷ ಎಂದು ಬರೆದರೆ ಆ ಮನುಷ್ಯನ ಬಲಗೈ ಮಣಿಕಟ್ಟಿಗೆ ಬಿಳಿ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಕಟ್ಟಿಸಿಕೊಂಡವರು ಚಕ್ರವಿರುವುದನ್ನು, ತಂತಿಯಿರುವುದನ್ನು, ಸ್ಪ್ರಿಂಗ್ ಇರುವುದನ್ನು ಮುಟ್ಟುವಂತಿಲ್ಲ, ಅವರ ತಪ್ಪನ್ನು ಅವು ಕಲಿತುಬಿಡುತ್ತವೆ ಎಂಬ ಭಯ. ಹೊಲಿಗೆ ಯಂತ್ರವಿಲ್ಲ, ಫೋನಿಲ್ಲ, ಬಸ್ಸಿನಲ್ಲಿ ಕಂಬಿ ಹಿಡಿಯುವಂತಿಲ್ಲವಾದ್ದರಿಂದ ಬಸ್ಸೂ ಇಲ್ಲ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಗಿರಣಿಯ ಮುಂದೆ ಹಾದುಹೋದರೆ ಒಳಗಿನವರು ಬೆಲ್ಟು ನಿಲ್ಲಿಸುತ್ತಾರೆ, ಅಷ್ಟೆ. ನನ್ನ ಬರಹದಿಂದ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಕಾಂಪೌಂಡರ್ ಓಬಳಪ್ಪ ಒಬ್ಬರು. ಅವರು ನೋಡಿಕೊಳ್ಳುತ್ತಿದ್ದ ಉಸಿರಿನ ಯಂತ್ರ ಒಂದು ಸಂಜೆ ನಿಂತಿತೆಂದು ಅವರು ಹೇಳಿದ್ದರು, ನಿಂತಿಲ್ಲವೆಂದು ನನ್ನ ವಾಚು ಹೇಳಿತ್ತು. ಊರಿಗೆಲ್ಲ ಸೈಕಲ್ ಓಬಳಪ್ಪ ಎಂದೇ ಹೆಸರಾಗಿದ್ದ ಮನುಷ್ಯ ಹನ್ನೊಂದು ವರ್ಷದಿಂದ ನಡೆಯುತ್ತಿದ್ದರು. ಎದುರಾದಾಗ ನನಗೆ ನಮಸ್ಕಾರ ಮಾಡುತ್ತಿದ್ದರು. ಅದೊಂದು ನನಗೆ ಸಹಿಸಲಾಗುತ್ತಿರಲಿಲ್ಲ.

ಹೀಗಿರುವಾಗ ಗಾರೆ ಕೆಲಸದ ತಿಪ್ಪಯ್ಯ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಹೃದಯ ಬಡಿಯುವುದು ಔಷಧಿಯ ಹನಿಯ ಆಸರೆಯಲ್ಲಿತ್ತು. ಪಂಪು ಹನಿ ಹನಿಯಾಗಿ ಔಷಧಿ ಬಿಡಬೇಕು, ಬಿಡುವು ಕೊಡಬಾರದು. ಆ ಹೊತ್ತಿನಲ್ಲಿ ಇದ್ದವಳು ನರ್ಸ್ ದೇವೀರಮ್ಮ. ಗಂಡನಿಲ್ಲದವಳು, ಡ್ಯೂಟಿ ಮುಗಿದ ಮೇಲೆ ಮನೆಯಲ್ಲಿ ರವಿಕೆ ಹೊಲಿದು ಎರಡು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಅವನು ಸಾಯುವ ಹೊತ್ತಿಗೆ ಇವಳು ಮಂಚದ ಬಳಿ ಇರಲಿಲ್ಲ, ಟೀ ಕುಡಿಯಲು ಹೋಗಿದ್ದಳು, ಪಂಪಿನ ಗುಂಡಿ ಸರಿಯಾಗಿ ಒತ್ತಿರಲಿಲ್ಲ ಎಂದು ಮಾತಾಯಿತು. ದೊಡ್ಡ ಡಾಕ್ಟರು ಉಮಾಪತಿ ಪಂಪನ್ನು ನನ್ನ ಮೇಜಿಗೆ ಕಳಿಸಿದರು. ಬಿಳಿ ಪಟ್ಟಿಯನ್ನು ತಮ್ಮ ಖಾನೆಯಲ್ಲಿ ತೆಗೆದಿಟ್ಟುಕೊಂಡಿದ್ದಾರೆಂದು ಜವಾನ ಹೇಳಿದ.

ದೇವೀರಮ್ಮ ನನ್ನ ಕೋಣೆಯ ಹೊಸ್ತಿಲಾಚೆ ನಿಂತು ಮಾತಾಡಿದಳು. ತನಿಖೆ ಮುಗಿಯುವವರೆಗೆ ಅವಳು ಒಳಗೆ ಬರುವಂತಿರಲಿಲ್ಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ನಾನು ಟೀ ಕುಡಿಯಕ್ಕೆ ಹೋಗಿರ್ಲಿಲ್ಲ ಸಾರ್. ದೀಪ ಹಚ್ಚೋ ಹೊತ್ತು. ಹನಿ ನಿಂತ್ಹೋಯ್ತು, ಹಸಿರು ದೀಪ ಮಾತ್ರ ಉರೀತಾನೇ ಇತ್ತು. ಒತ್ತಿದೆ, ತಟ್ಟಿದೆ. ಡಾಕ್ಟ್ರನ್ನ ಕರೆಯಕ್ಕೆ ಓಡ್ದೆ. ಅವ್ರು ಬರೋ ಹೊತ್ಗೆ ಹನಿ ಬೀಳ್ತಿತ್ತು, ಜೀವ ಹೋಗಿತ್ತು. ಓಡಿದ್ದೇ ನನ್ನ ತಪ್ಪು ಅಂತಾರೆ ಈಗ."

ಪಂಪು ಅತ್ತೆಯ ಮನೆಯಲ್ಲಿ ಪಳಗಿದ್ದು. ಬಿಚ್ಚಿ ನೋಡಿದೆ, ಒಂದು ತಿರುಪೂ ಸಡಿಲವಿರಲಿಲ್ಲ. ಬೆಳಿಗ್ಗೆ ಓಡಿಸಿದೆ, ಮಧ್ಯಾಹ್ನ ಓಡಿಸಿದೆ, ಸಂಜೆಯೂ ಓಡಿಸಿದೆ. ಪಂಪಿನ ನಳಿಗೆಯ ಕೆಳಗೆ ಅಳತೆಯ ಗಾಜು, ಪಕ್ಕದಲ್ಲಿ ಸ್ಟಾಪ್‌ವಾಚು. ವಾಚಿನಲ್ಲಿ ಒಂದು ಗಂಟೆಯಾದಾಗ ಗಾಜಿನಲ್ಲಿ ಒಂದು ಗಂಟೆಯ ಔಷಧಿಯೇ ಇತ್ತು, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾನು ಕಣ್ಣು ತೆಗೆಯದೆ ನೋಡಿದ್ದೆ. ಹನಿ ನಿಂತಿರಲಿಲ್ಲ. ಎರಡನೆಯ ಸಂಜೆಯೂ ಅಷ್ಟೆ. ಆದರೂ ಕೈದೋಷ ಎಂದು ಬರೆಯಲು ಹೊರಟಾಗ ಪೆನ್ನು ಯಾಕೋ ಮುಂದೆ ಹೋಗಲಿಲ್ಲ. ಓಬಳಪ್ಪನವರೂ ದೀಪ ಹಚ್ಚುವ ಹೊತ್ತು ಎಂದೇ ಹೇಳಿದ್ದರು. ಒಂದು ದಿನವೂ ಒಟ್ಟಿಗೆ ಕೆಲಸ ಮಾಡದವರು, ಹನ್ನೊಂದು ವರ್ಷದ ಅಂತರದಲ್ಲಿ, ಒಂದೇ ಸುಳ್ಳು ಹೇಗೆ ಹೇಳಿಯಾರು?

ಮೂರನೆಯ ಸಂಜೆ ದೇವೀರಮ್ಮ ತಾನೂ ನೋಡುತ್ತೇನೆಂದು ಕೇಳಿಕೊಂಡಳು. ಹೊಸ್ತಿಲಾಚೆ ನಿಲ್ಲುವುದಾದರೆ ಅಡ್ಡಿಯಿಲ್ಲ ಎಂದೆ. ಐದು ಗಂಟೆಗೆ ಉಳಿದವರೆಲ್ಲ ಮನೆಗೆ ಹೋಗುವುದರಿಂದ ಆ ಕೋಣೆಯ ಬಳಿ ಸಂಜೆ ನನ್ನ ಜೊತೆ ಇನ್ನೊಬ್ಬರು ಇದ್ದದ್ದು ಅದೇ ಮೊದಲು. ಹನಿ ಬೀಳುತ್ತಿತ್ತು. ವಾಚಿನ ಮುಳ್ಳು ತಿರುಗುತ್ತಿತ್ತು. ಕಿಟಕಿಯ ಬೆಳಕು ಮೆಲ್ಲಗೆ ಇಳಿಯಿತು, ಎಂದಿನಂತೆ ಧಡಕ್ಕನೆ ಕತ್ತಲಾಯಿತು. ದೀಪ ಹಾಕಿ, ನೋಡಿದೆಯಲ್ಲಮ್ಮ, ನಿಂತಿಲ್ಲ ಎಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು, ರೋಗಿಯನ್ನು ನೋಡುವ ಹಾಗೆ.

"ಸಾರ್, ಪಂಪು ನಿಲ್ತು. ವಾಚೂ ನಿಲ್ತು." ನನ್ನ ಕಡೆ ಕೈ ತೋರಿಸಿದಳು. "ನೀವೂ ನಿಂತ್ರಿ."

ನನಗೆ ಸಿಟ್ಟು ಬಂತು. ನಿಂತೆ ಎಂದರೇನು ಎಂದು ಕೇಳಿದೆ. ಕಣ್ಣು ಬಿಟ್ಟುಕೊಂಡೇ ಇದ್ರಿ, ಉಸಿರಾಡ್ತಾ ಇದ್ರಿ, ಮೂರು ಸಲ ಕೂಗ್ದೆ, ಮುಖದಲ್ಲಿ ಒಂಥರಾ ನಗು ಇತ್ತು ಎಂದಳು. ಕೆಲಸ ಉಳಿಸಿಕೊಳ್ಳಲು ಜನ ಏನೇನೆಲ್ಲ ಹೇಳುತ್ತಾರೆ ಎಂದುಕೊಂಡು ಅವಳನ್ನು ಕಳಿಸಿದೆ. ಮೇಜಿನ ಮೇಲಿನ ಕಾಫಿ ಎತ್ತಿದೆ. ಆಗತಾನೇ ಬಿಸಿಯಿದ್ದದ್ದು ತಣ್ಣಗಾಗಿತ್ತು. ನನ್ನ ಸಂಜೆಯ ಕಾಫಿ ಇಪ್ಪತ್ತೆರಡು ವರ್ಷದಿಂದ ಹೀಗೆ ತಣ್ಣಗಾಗುತ್ತಿತ್ತಲ್ಲ, ಕೋಣೆಗೆ ಗಾಳಿ ಹೆಚ್ಚು ಎಂದು ಕಿಟಕಿಗೆ ರಟ್ಟು ಹೊಡೆಸಿದ್ದೆನಲ್ಲ ಎಂದು ನೆನಪಾಗಿ ಕೂತಲ್ಲೇ ಕೂತೆ.

ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅವಳು ಅವರೆಕಾಳು ಹಿಸುಕುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಬೆರಳು ನಿಲ್ಲಲಿಲ್ಲ. ಆಮೇಲೆ ಅಟ್ಟದ ಕಡೆ ಕೈ ತೋರಿಸಿ ತಾಮ್ರದ ಒಂದು ಬಟ್ಟಲು ಇಳಿಸಲು ಹೇಳಿದಳು. ತಳದಲ್ಲಿ ಸೂಜಿಯಷ್ಟು ತೂತು. ಅವಳ ಮಾವನವರು ಕಾಲುವೆಯ ನೀರಿನ ಸರದಿ ಹಂಚುತ್ತಿದ್ದ ಗಳಿಗೆ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ತುಂಬಿ ಮುಳುಗಲು ಸರಿಯಾಗಿ ಒಂದು ಗಳಿಗೆ, ಇಪ್ಪತ್ನಾಲ್ಕು ನಿಮಿಷ.

"ನೀರು ಯಾರ ಮನೇಲೂ ಪಳಗಲ್ಲ ಕಣಪ್ಪ ಚನ್ನವೀರ," ಎಂದಳು. "ಅದನ್ನ ಕೇಳು."

ಮರುದಿನ ಬೆಳಿಗ್ಗೆ ಬಟ್ಟಲನ್ನೂ ವಾಚನ್ನೂ ಜೊತೆಗೆ ಬಿಟ್ಟೆ. ಬಟ್ಟಲು ಮುಳುಗಿದಾಗ ವಾಚು ಇಪ್ಪತ್ನಾಲ್ಕು ತೋರಿಸಿತು. ಸಂಜೆ ಪಕ್ಕದಲ್ಲಿ ಪಂಪನ್ನೂ ಓಡಿಸಿ ಮತ್ತೆ ಬಿಟ್ಟೆ. ಈ ಸಲ ದೇವೀರಮ್ಮನನ್ನು ಕರೆಯಲಿಲ್ಲ, ನನ್ನ ಕಣ್ಣೇ ಸಾಕ್ಷಿಯಾಗಲಿ ಎಂದು. ವಾಚಿನಲ್ಲಿ ಹದಿನಾಲ್ಕು ನಿಮಿಷವಾಗಿತ್ತು, ಬಟ್ಟಲು ಅರ್ಧಕ್ಕಿಂತ ತುಸು ಹೆಚ್ಚು ಇಳಿದು ನೆಮ್ಮದಿಯಾಗಿ ತೇಲುತ್ತಿತ್ತು. ನಾನು ನೋಡುತ್ತಲೇ ಇದ್ದೆ. ರೆಪ್ಪೆ ಬಡಿದೆನೋ ಇಲ್ಲವೋ, ಬಟ್ಟಲಿನ ಅಂಚು ಮಾತ್ರ ನೀರಿನ ಮೇಲಿತ್ತು, ತೆಳ್ಳನೆಯ ತಾಮ್ರದ ಬಳೆಯ ಹಾಗೆ. ಕೋಣೆ ಕತ್ತಲಾಗಿತ್ತು. ಬಟ್ಟಲು ಗುಳುಕ್ ಎಂದು ಮುಳುಗಿತು. ವಾಚು ಹದಿನೈದು ನಿಮಿಷ ಎಂದಿತು. ಗಾಜಿನಲ್ಲಿ ಹದಿನೈದು ನಿಮಿಷದ ಔಷಧಿಯೇ ಇತ್ತು.

ಒಂಬತ್ತು ನಿಮಿಷ. ಅತ್ತೆ ಅಂಗೈಯ ಲಿಂಗದಲ್ಲಿ ಕಣ್ಣು ನೆಡುವ ಹೊತ್ತು. ಆ ಮನೆಯಲ್ಲಿ ನಲವತ್ತು ದಿನ ಇದ್ದ ಪಂಪು ಅದನ್ನು ಕಲಿತಿತ್ತು, ನಲವತ್ತು ದಿನ ಇದ್ದ ವಾಚು ಅದನ್ನು ಕಲಿತಿತ್ತು, ನಲವತ್ತೈದು ವರ್ಷ ಇದ್ದ ನಾನೂ ಕಲಿತಿದ್ದೆ. ಮೂವರೂ ಒಟ್ಟಿಗೆ ನಿಂತು, ಒಟ್ಟಿಗೆ ಹೊರಟು, ಯಾರೂ ನಿಲ್ಲಲೇ ಇಲ್ಲ ಎಂದು ಒಬ್ಬರಿಗೊಬ್ಬರು ಸಾಕ್ಷಿ ಹೇಳುತ್ತಿದ್ದೆವು. ಊರಿನ ಎಷ್ಟು ಜನ ಪ್ರತಿ ಸಂಜೆ ಆ ಒಂಬತ್ತು ನಿಮಿಷ ಔಷಧಿಯಿಲ್ಲದೆ, ಗಾಳಿಯಿಲ್ಲದೆ ಕಳೆದಿದ್ದರೋ. ಅಷ್ಟು ಹೊತ್ತು ತಡೆದುಕೊಳ್ಳುವ ಶಕ್ತಿ ಹೆಚ್ಚಿನ ಜೀವಗಳಿಗೆ ದೇವರು ಕೊಟ್ಟಿರುತ್ತಾನೆ. ತಿಪ್ಪಯ್ಯನಿಗೆ ಕೊಟ್ಟಿರಲಿಲ್ಲ.

ಆದರೆ ಏನೆಂದು ಬರೆಯಲಿ? ಯಂತ್ರದ ದೋಷವೆನ್ನಲು ಯಂತ್ರ ತಾನು ಕಲಿತದ್ದನ್ನೇ ಮಾಡಿತ್ತು. ಪಳಗುಮನೆಯ ದೋಷವೆಂದರೆ ಅತ್ತೆಯ ಪೂಜೆಯನ್ನು ದೋಷ ಎಂದ ಹಾಗೆ. ಎಂಬತ್ತರ ಹೆಂಗಸು ದೇವರನ್ನು ನೋಡುತ್ತಾ ಕೂತದ್ದರಿಂದ ಒಬ್ಬ ಗಾರೆಯವನು ಸತ್ತ ಎಂದು ಯಾವ ಬಾಯಿಂದ ಹೇಳಲಿ? ಹೇಳದಿದ್ದರೆ ಉಳಿಯುವುದು ಕೈದೋಷ, ದೇವೀರಮ್ಮನ ಮಣಿಕಟ್ಟು. ಅವಳ ಹೊಲಿಗೆ ಯಂತ್ರವನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಎರಡು ದಿನ ಲಿಂಗವನ್ನು ಕೈಯಲ್ಲಿಟ್ಟುಕೊಂಡರೂ ನನಗೆ ದಾರಿ ಕಾಣಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಂಡಿದ್ದರೂ ಅದು ನನಗೆ ತಿಳಿಯುವಂತಿರಲಿಲ್ಲ.

ಅತ್ತೆಯ ಎದುರು ಕೂತು ಗೊಂದಲವನ್ನು ತೋಡಿಕೊಂಡೆ.

"ನಿಲ್ಲು ಅಂತ ನಾನು ಯಾವತ್ತೂ ಯಾರಿಗೂ ಹೇಳ್ಲಿಲ್ಲ ಮಗಾ. ನನ್ನ ಕಣ್ಣು ಅಂಗೈಲಿತ್ತು. ಸುತ್ತ ಏನು ನಿಲ್ತು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಆಮೇಲೆ ಮೆಲ್ಲಗೆ, "ಗೊತ್ತಾಗ್ಬೇಕಿತ್ತೇನೋ. ಬರಿ, ನನ್ನ ಹೆಸರು ಬರಿ. ಆ ಹುಡುಗಿ ಕೈ ಕಟ್ಟಬ್ಯಾಡ."

ಇನ್ನು ಪೂಜೆ ಬಿಡುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಹೇಳಿದಳು: "ಬಿಡಕ್ಕಾಗಲ್ಲ. ಯಂತ್ರಗಳನ್ನ ಬೇರೆ ಕಡೆ ಕಳ್ಸು."

ವರದಿ ಬರೆದೆ. ಪಳಗುಮನೆ ಗುರುಸಿದ್ದಮ್ಮನದು ಎಂದು ಬರೆದೆ. ಅದರ ಕೆಳಗೆ, ಈ ದೋಷವನ್ನು ಇಪ್ಪತ್ತೆರಡು ವರ್ಷ ಕಾಣದೆ ಹೋದದ್ದು ಪರೀಕ್ಷೆ ಮಾಡಿದವನ ಕೈದೋಷ, ಅವನ ಹಳೆಯ ವರದಿಗಳಲ್ಲಿ ಸಂಜೆಯ ವಿಷಯವಿರುವ ಯಾವುದನ್ನೂ ನಂಬಬಾರದು ಎಂದು ಬರೆದು ಸಹಿ ಹಾಕಿದೆ. ಉಮಾಪತಿ ಡಾಕ್ಟರು ಎರಡು ಸಲ ಓದಿದರು. ಖಾನೆಯಿಂದ ಬಿಳಿ ಪಟ್ಟಿ ತೆಗೆದವರು ಅದನ್ನು ಹಿಡಿದುಕೊಂಡೇ ಕೂತರು. ನಾನೇ ಬಲಗೈ ಮುಂದೆ ಚಾಚಿದೆ.

ತಿಪ್ಪಯ್ಯನ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಕ್ಕಿದಳು. ಕಾರಣ ತಿಳಿಯಿತಂತೆ, ಆದರೆ ಅರ್ಥವಾಗಲಿಲ್ಲವಂತೆ. ನನ್ನ ಗಂಡ ಹೋದದ್ದು ಕೆಟ್ಟದ್ದರಿಂದಲೋ ಒಳ್ಳೇದರಿಂದಲೋ, ಅದೊಂದು ಹೇಳಿಬಿಡಿ, ಬೈಯಬೇಕೋ ಕೈಮುಗಿಯಬೇಕೋ ಗೊತ್ತಾಗುತ್ತಿಲ್ಲ ಎಂದಳು. ಅವಳ ಪಕ್ಕ ಸ್ವಲ್ಪ ಹೊತ್ತು ಕೂತು ಎದ್ದೆ. ಅದು ನನಗೆ ಇಂದಿಗೂ ಗೊತ್ತಾಗಿಲ್ಲ.

ಊರು ತನ್ನ ಪಾಡಿಗೆ ಹೊಂದಿಕೊಂಡಿತು. ಅತ್ತೆಯ ಮನೆಯಿಂದ ಬಂದ ಯಂತ್ರಗಳನ್ನು ಒಮ್ಮೆಗೇ ಬದಲಿಸಲು ಆಸ್ಪತ್ರೆಗೆ ಸಾಧ್ಯವಿರಲಿಲ್ಲ. ಆದ್ದರಿಂದ ದೀಪ ಹಚ್ಚುವ ಹೊತ್ತಿಗೆ ಪ್ರತಿ ಮಂಚದ ಬಳಿ ಒಬ್ಬರು ಬಂದು ಕೂರುತ್ತಾರೆ, ಬಟ್ಟಲು ತೇಲಿಬಿಟ್ಟು ಕೈಯಿಂದಲೇ ಔಷಧಿ ಹಾಕುತ್ತಾರೆ, ಕೈಯಿಂದಲೇ ಗಾಳಿ ಒತ್ತುತ್ತಾರೆ. ಅದಕ್ಕೆ ಮೇಲ್ವಿಚಾರಕಿ ದೇವೀರಮ್ಮ. ನಡುಮನೆ ಖಾಲಿಯಾದ ಮೇಲೆ ಅತ್ತೆ ಬೆಳಿಗ್ಗೆ ವಿಭೂತಿ ಹಿಡಿದು ಗೋಡೆಯ ಮುಂದೆ ಒಂದು ಕ್ಷಣ ನಿಲ್ಲುತ್ತಾಳೆ, ಆಮೇಲೆ ನನ್ನ ಹಣೆಗೆ ಹಚ್ಚಿ ಹೋಗುತ್ತಾಳೆ.

ಒಂದು ಕೆಲಸ ಉಳಿದಿತ್ತು. ಅಂಗಡಿಯಿಂದ ಹೊಸ ಸೈಕಲ್ ಕೊಂಡೆ, ಯಾರ ಮನೆಯ ಗಾಳಿಯೂ ತಾಗದ್ದು. ನಾನು ಮುಟ್ಟುವಂತಿರಲಿಲ್ಲ. ದೇವೀರಮ್ಮ ತಳ್ಳಿಕೊಂಡು ಬಂದಳು, ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಡೆದೆ. ಓಬಳಪ್ಪನವರು ಜಗಲಿಯ ಮೇಲಿದ್ದರು. ಅವರ ಪಟ್ಟಿಯನ್ನು ಆಸ್ಪತ್ರೆಯವರು ಹಿಂದಿನ ದಿನವೇ ಬಿಚ್ಚಿದ್ದರು. ಮಣಿಕಟ್ಟಿನ ಸುತ್ತ ಚರ್ಮ ಬೆಳ್ಳಗಿತ್ತು. ನಾನು ತಪ್ಪು ಬರೆದಿದ್ದೆ ಎಂದೆ. ಅವರು ನನ್ನ ಮಣಿಕಟ್ಟು ನೋಡಿದರು.

"ಬಿಗಿಯಾಗಿ ಕಟ್ಟವ್ರೆ. ನೀರು ಹಾಕ್ಕೋ, ಎರಡು ದಿನಕ್ಕೆ ಸಡ್ಲ ಆಗ್ತದೆ," ಎಂದರು. ಆಮೇಲೆ ಇಳಿದು ಬಂದು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟರು. ಪೆಡಲನ್ನು ಒಮ್ಮೆ ಕೈಯಿಂದ ತಿರುಗಿಸಿದರು. ಹಿಂದಿನ ಚಕ್ರ ಕರಕರನೆ ತಿರುಗಿತು. ಹನ್ನೊಂದು ವರ್ಷದ ಮೇಲೆ ಆ ಮನುಷ್ಯ ಸೈಕಲ್ ಹತ್ತುವುದನ್ನು ನೋಡಲೆಂದೇ ನಾನು ಬಂದಿದ್ದೆ. ಬೀದಿಯ ಬೆಳಕು ಮೆಲ್ಲಗೆ ಇಳಿಯುತ್ತಿತ್ತು. ಪಂಚೆ ಎತ್ತಿ ಕಟ್ಟಿದರು. ಎಡಗಾಲು ಪೆಡಲಿನ ಮೇಲೆ ಇಟ್ಟರು.

ಧಡಕ್ಕನೆ ಕತ್ತಲಾಯಿತು. ಎದುರಿಗೆ ಓಬಳಪ್ಪನವರೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಬೀದಿಯ ಆ ತುದಿಯಲ್ಲಿ ಸೈಕಲ್ ಗಂಟೆಯ ಸದ್ದು ಕೇಳಿಸಿತು.

ಏನಾಯಿತು ಎಂದು ದೇವೀರಮ್ಮನನ್ನು ಕೇಳಿದೆ.

"ಮೂರು ಸಲ ಬಿದ್ರು ಸಾರ್. ಮಂಡಿ ತರಚಿತು. ನಾಲ್ಕನೇ ಸಲಕ್ಕೆ ಹತ್ತಿದ್ರು. ಹೋಗೋವಾಗ ನಿಮಗೆ ಏನೋ ಅಂದ್ರು."

"ಏನಂದರು?"

"ಕೇಳಿಸ್ಲಿಲ್ಲ," ಎಂದಳು. "ನೀವು ನಗ್ತಾ ಇದ್ರಿ. ಅವ್ರೂ ನಕ್ಕೊಂಡು ಹೋದ್ರು."